ಕೌದಿಗೆ ಯಾರ ಹೆಸರು?

‘ಸಹಾಯಾರ್ಥ’ ಎಂಬ ಪದ ನನಗೆ ಪರಿಚಯವಾದದ್ದು ನಾಟಕ ಕಂಪನಿಗಳ ಹಳೆಯ ಕರಪತ್ರಗಳಿಂದ. ನನ್ನ ಪಿಎಚ್.ಡಿ. ಕೆಲಸಕ್ಕೆ ಅವನ್ನು ಗುಡ್ಡೆ ಹಾಕಿಕೊಂಡು ಓದುತ್ತಿದ್ದೆ. ಶಾಲಾ ಕಟ್ಟಡದ ಸಹಾಯಾರ್ಥ, ಗುಡಿಯ ಜೀರ್ಣೋದ್ಧಾರದ ಸಹಾಯಾರ್ಥ, ಕಾಯಿಲೆ ಬಿದ್ದ ಹಿರಿಯ ನಟನ ಸಹಾಯಾರ್ಥ ಎಂದು ಕಂಪನಿಗಳು ಒಂದು ರಾತ್ರಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟುಕೊಡುತ್ತಿದ್ದವು. ಅಂಥ ಆಟಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹಗಳನ್ನೂ ಹುಡುಕಿದೆ. ನಾನು ನೋಡಿದ ಮಟ್ಟಿಗೆ ಒಂದರಲ್ಲೂ ನಟನೆ ಚೆನ್ನಾಗಿರಲಿಲ್ಲ ಎಂಬ ಮಾತಿಲ್ಲ. ಪ್ರೇಕ್ಷಕರು ಕಿಕ್ಕಿರಿದಿದ್ದರು, ಅಧ್ಯಕ್ಷರು ಹಾರ ಹಾಕಿಸಿಕೊಂಡರು, ಇಂತಿಷ್ಟು ಹಣ ಕೂಡಿತು, ಕಾರ್ಯ ಸ್ತುತ್ಯರ್ಹ. ಅಲ್ಲಿಗೆ ವಿಮರ್ಶೆ ಮುಗಿಯಿತು. ಧರ್ಮಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಎಲ್ಲರೂ ಒಪ್ಪಿಕೊಂಡಂತಿದೆ.

ಈಗ ಆ ಪದ ಬಟ್ಟೆಗೂ ಬಂದಿದೆ. ಕೌದಿ, ಕಸೂತಿ, ಲಂಬಾಣಿ ಕಸೂತಿ, ತೇಪೆ ಕೆಲಸದ ಪ್ರದರ್ಶನಗಳು ಊರೂರಿನ ಸಭಾಂಗಣಗಳಲ್ಲಿ ನಡೆಯುತ್ತವೆ. ಹತ್ತಾರು ಕೈಗಳು ಸೇರಿ ಹೊಲಿದದ್ದನ್ನು ಗೋಡೆಗೆ ತೂಗುಹಾಕುತ್ತಾರೆ. ಬಂದ ಹಣ ಆಸ್ಪತ್ರೆಗೋ ಅನಾಥಾಲಯಕ್ಕೋ ಹೋಗುತ್ತದೆ. ಇವುಗಳ ಬಗ್ಗೆ ಬರೆಯುವಾಗಲೂ ಅದೇ ಮೌನ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಒಂದು ಕವಿತೆಯ ಅಲ್ಪಪ್ರಾಣ ಮಹಾಪ್ರಾಣಕ್ಕೂ ಜಗಳಕ್ಕೆ ನಿಲ್ಲುತ್ತೇವೆ, ಆದರೆ ಒಂದು ಹೊಲಿಗೆಯ ಮುಂದೆ ನಿಂತರೆ ‘ಎಷ್ಟು ತಾಳ್ಮೆಯ ಕೆಲಸ’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ತಾಳ್ಮೆಯನ್ನು ಹೊಗಳುವುದೆಂದರೆ ಆಲೋಚನೆ ಇಲ್ಲ ಎಂದು ಮರ್ಯಾದೆಯಿಂದ ಹೇಳುವುದು. ಸದುದ್ದೇಶಕ್ಕಾಗಿ ಮಾಡಿದ, ಹಲವರು ಕೂಡಿ ಮಾಡಿದ ಕಲೆಯನ್ನು ಓದುವುದು ಹೇಗೆ? ಅದರಲ್ಲಿ ಒಳ್ಳೆಯದು, ಜಳ್ಳು ಎಂದು ವಿಂಗಡಿಸುವ ಹಕ್ಕು ನೋಡುಗರಿಗೆ ಇದೆಯೇ? ಈ ಪ್ರಶ್ನೆ ಹಿಡಿದು ಹೊರಟಾಗ ನಾನು ಹೆಚ್ಚು ಹೊತ್ತು ನಿಂತದ್ದು ಅಮೆರಿಕದ ಒಂದು ಬೃಹತ್ ಕೌದಿಯ ಮುಂದೆ. ನಿಂತದ್ದು ಎನ್ನುವುದೂ ಅಲಂಕಾರವೇ. ಅದನ್ನು ನಾನು ನೋಡಿರುವುದು ಪರದೆಯ ಮೇಲೆ ಮಾತ್ರ. ಈಗ ಅದರ ಒಂದೊಂದು ತುಂಡನ್ನೂ ಛಾಯಾಚಿತ್ರವಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಹೆಸರು ಹಾಕಿ ಹುಡುಕಬಹುದು.

ಅದು ಏಡ್ಸ್ ಸ್ಮಾರಕ ಕೌದಿ. 1985ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಮೇಣದಬತ್ತಿ ಮೆರವಣಿಗೆ ನಡೆಯಿತು. ಅದು ಪ್ರತಿವರ್ಷ ನಡೆಯುತ್ತಿದ್ದದ್ದು 1978ರಲ್ಲಿ ಹತ್ಯೆಯಾದ ಹಾರ್ವೆ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನೆ ಅವರ ನೆನಪಿಗೆ. ಆ ವೇಳೆಗೆ ಆ ಒಂದೇ ಊರಿನಲ್ಲಿ ಏಡ್ಸ್‌ನಿಂದ ಸತ್ತವರ ಸಂಖ್ಯೆ ಸಾವಿರ ದಾಟಿತ್ತು. ಕ್ಲೀವ್ ಜೋನ್ಸ್ ಎಂಬ ಹೋರಾಟಗಾರರು ಮೆರವಣಿಗೆಗೆ ಬಂದವರಿಗೆಲ್ಲ ತಮಗೆ ಗೊತ್ತಿದ್ದ ಸತ್ತವರ ಹೆಸರನ್ನು ರಟ್ಟಿನ ಮೇಲೆ ಬರೆಯಲು ಹೇಳಿದರು. ಆ ರಟ್ಟುಗಳನ್ನು ಕೇಂದ್ರ ಸರಕಾರದ ಕಟ್ಟಡದ ಗೋಡೆಗೆ ಅಂಟಿಸಿದರು. ದೂರದಿಂದ ನೋಡಿದಾಗ ಜೋನ್ಸ್‌ಗೆ ಅದು ತೇಪೆ ಹಾಕಿದ ಕೌದಿಯಂತೆ ಕಂಡಿತು. 1987ರಲ್ಲಿ ಅವರೇ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ನೆನಪಿಗೆ ಮೊದಲ ತುಂಡನ್ನು ಮಾಡಿದರು. ಆ ವರ್ಷ ಜೂನ್‌ನಲ್ಲಿ ‘ನೇಮ್ಸ್ ಪ್ರಾಜೆಕ್ಟ್’ ಎಂಬ ಸಂಸ್ಥೆ ಹುಟ್ಟಿತು. ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ವಿಶಾಲ ಬಯಲಿನಲ್ಲಿ 1,920 ತುಂಡುಗಳನ್ನು ಹಾಸಿದರು. ನಾಲ್ಕು ತಿಂಗಳ ಕೆಲಸಕ್ಕೆ ಅದು ದೊಡ್ಡ ಸಂಖ್ಯೆ. ಆ ವಾರಾಂತ್ಯ ಐದು ಲಕ್ಷದಷ್ಟು ಜನ ಅದನ್ನು ನೋಡಿದರು ಎಂದು ಲೆಕ್ಕ.

ಪ್ರತಿ ತುಂಡಿನ ಅಳತೆ ಆರಡಿ ಉದ್ದ, ಮೂರಡಿ ಅಗಲ. ಕನ್ನಡ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ಕೊನೆಗೆ ಬೇಕಾಗೋದು ಆರಡಿ ಮೂರಡಿ’ ಎಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹೆಣವನ್ನು ಮುಟ್ಟಲು ಶವಸಂಸ್ಕಾರದವರು ಹಿಂಜರಿಯುತ್ತಿದ್ದ, ಮನೆಯವರು ಬರಲು ನಿರಾಕರಿಸುತ್ತಿದ್ದ ಕಾಲ ಅದು. ಗೋರಿ ಸಿಗದವರಿಗೆ ಗೋರಿಯ ಅಳತೆಯ ಬಟ್ಟೆ. ಅಂಥ ಎಂಟು ತುಂಡುಗಳನ್ನು ಕೂಡಿಸಿ ಹನ್ನೆರಡು ಅಡಿ ಚೌಕದ ಒಂದು ಹಾಸು ಮಾಡುತ್ತಾರೆ. ಪ್ರದರ್ಶನದ ದಿನ ಬಿಳಿ ಬಟ್ಟೆ ತೊಟ್ಟ ಸ್ವಯಂಸೇವಕರು ಸುತ್ತ ನಿಂತು ಮಡಿಕೆಗಳನ್ನು ಹೂವಿನ ದಳದಂತೆ ಒಂದೊಂದಾಗಿ ಬಿಡಿಸುತ್ತಾರೆ. ಅತ್ತ ಧ್ವನಿವರ್ಧಕದಲ್ಲಿ ಹೆಸರುಗಳನ್ನು ಓದುತ್ತಿರುತ್ತಾರೆ. ಬೇರೆ ಭಾಷಣ ಇಲ್ಲ.

1988ರಲ್ಲಿ ಈ ಕೌದಿ ನಾಲ್ಕು ತಿಂಗಳು ಇಪ್ಪತ್ತು ಊರುಗಳನ್ನು ಸುತ್ತಿತು. ಆ ಸುತ್ತಾಟದಲ್ಲಿ ಐದು ಲಕ್ಷ ಡಾಲರಿಗೆ ಹತ್ತಿರದಷ್ಟು ಹಣ ಕೂಡಿತು. ಅದು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನೂರಾರು ಸ್ಥಳೀಯ ಸಂಘಗಳಿಗೆ ಹೋಯಿತು. ಹೋದ ಊರಿನಲ್ಲೆಲ್ಲ ಹೊಸ ತುಂಡುಗಳು ಸೇರಿಕೊಂಡವು. ಆ ವರ್ಷ ಅಕ್ಟೋಬರಿನಲ್ಲಿ ಮತ್ತೆ ವಾಷಿಂಗ್ಟನ್ನಿಗೆ ಬಂದಾಗ 8,288 ತುಂಡುಗಳಾಗಿದ್ದವು. ಈ ಸಲ ಹಾಸಿದ್ದು ಶ್ವೇತಭವನದ ಎದುರಿನ ಬಯಲಿನಲ್ಲೇ. ಈಗ ಸುಮಾರು 50,000 ತುಂಡುಗಳಿವೆ, ಹೆಸರುಗಳು 1,10,000ಕ್ಕೂ ಹೆಚ್ಚು, ತೂಕ 54 ಟನ್. ಇಡಿಯಾಗಿ ಹಾಸಿದ್ದು 1996ರಲ್ಲೇ ಕೊನೆ. ಆಮೇಲೆ ಅದಕ್ಕೆ ಸಾಲುವಷ್ಟು ನೆಲವೇ ಸುಲಭಕ್ಕೆ ಸಿಗಲಿಲ್ಲ.

ಅಂಕಿ ಅಂಶ ಇಷ್ಟು ಸಾಕು. ನನ್ನ ಆಸಕ್ತಿ ಇರುವುದು ಕೌದಿಯ ಒಳಗೆ. ಹೊಲಿಗೆಯ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದು ಕೌದಿಯೇ ಅಲ್ಲ. ಕೌದಿಗೆ ಪದರ ಬೇಕು, ಪದರಗಳನ್ನು ಹಿಡಿದಿಡುವ ಸಾಲುಹೊಲಿಗೆ ಬೇಕು. ಇಲ್ಲಿನ ಬಹುಪಾಲು ತುಂಡುಗಳಲ್ಲಿ ಅದಿಲ್ಲ. ಹೊಲಿದವರಲ್ಲಿ ಎಷ್ಟೋ ಜನ ಅದುವರೆಗೆ ಗುಂಡಿ ಕೂಡ ಹಚ್ಚಿಕೊಂಡಿರದ ಗಂಡಸರು. ಎಷ್ಟೋ ಕಡೆ ಅಕ್ಷರಗಳನ್ನು ಬಣ್ಣದಲ್ಲಿ ಬರೆದಿದ್ದಾರೆ, ಗೋಂದಿನಲ್ಲಿ ಅಂಟಿಸಿದ್ದಾರೆ. ಜೀನ್ಸ್ ಪ್ಯಾಂಟು, ಗೊಂಬೆ ಕರಡಿ, ಪ್ರೇಮಪತ್ರ, ಕಾರಿನ ಕೀಲಿ, ಸುಟ್ಟ ದೇಹದ ಬೂದಿ, ಎಲ್ಲ ಬಟ್ಟೆಯ ಮೇಲೆ ಬಂದು ಕುಳಿತಿವೆ. ಜಾಣ ಕೈಯ ಕೆಲಸವೆಂದು ನೋಡಹೊರಟರೆ ಹೆಚ್ಚಿನವು ಸಾಧಾರಣ. ನೇರವಾಗಿಯೇ ಹೇಳುತ್ತೇನೆ: ಪರದೆಯ ಮೇಲೆ ಒಂದರ ಹಿಂದೆ ಒಂದು ನೋಡುತ್ತ ಹೋದರೆ ಕಾಮನಬಿಲ್ಲು, ಹೃದಯ, ಚಿಟ್ಟೆ, ಹಾರುವ ಹಕ್ಕಿಗಳು ಬೇಸರ ಬರುವಷ್ಟು ಬರುತ್ತವೆ. ನಮ್ಮ ಶ್ರದ್ಧಾಂಜಲಿ ಜಾಹೀರಾತುಗಳಲ್ಲಿ ದೀಪ ಬಂದಂತೆ. ದುಃಖ ದೊಡ್ಡದಾದ ಮಾತ್ರಕ್ಕೆ ರೂಪಕ ಹೊಸದಾಗುವುದಿಲ್ಲ.

ಆದರೆ ಈ ಸವಕಲುಗಳ ನಡುವೆ ತಟ್ಟನೆ ನಿಲ್ಲಿಸುವ ತುಂಡುಗಳಿವೆ. ಒಂದರಲ್ಲಿ ಸತ್ತವನ ಹೆಸರೇ ಇಲ್ಲ. ತನ್ನ ತಮ್ಮನಿಗಾಗಿಯೋ ಅಣ್ಣನಿಗಾಗಿಯೋ ಇದನ್ನು ಅಲಂಕರಿಸಿದೆ, ಹೆಸರು ಬಹಿರಂಗವಾಗುವುದು ಅಪ್ಪ ಅಮ್ಮನಿಗೆ ಇಷ್ಟವಿರಲಿಲ್ಲ, ಆ ಖಾಲಿ ಜಾಗವೇ ಈ ಕುಟುಂಬಗಳ ಭಯವನ್ನು ಹೇಳಲಿ ಎಂಬ ಅರ್ಥದ ಮಾತುಗಳನ್ನು ಅದರ ಮೇಲೆ ಬರೆದಿದೆ. ಹೆಸರುಗಳ ಕೌದಿಯಲ್ಲಿ ಹೆಸರನ್ನು ಬಿಟ್ಟು ಬರೆಯುವುದು ಆ ರೂಪವನ್ನು ಒಳಗಿನಿಂದ ಬಲ್ಲವರ ಕೆಲಸ. ಇನ್ನೊಂದು ತುಂಡು ರಾಯ್ ಕೋನ್ ಹೆಸರಿನದು. ಈತ ಸೆನೆಟರ್ ಜೋಸೆಫ್ ಮೆಕಾರ್ಥಿಯ ಬಲಗೈಯಾಗಿದ್ದ ವಕೀಲ. ಸಲಿಂಗಿಗಳನ್ನು ಸರಕಾರಿ ಕೆಲಸದಿಂದ ಓಡಿಸಿದ ಬೇಟೆಯಲ್ಲಿ ಪಾಲುಗೊಂಡವನು. 1986ರಲ್ಲಿ ಏಡ್ಸ್‌ನಿಂದಲೇ ಸತ್ತ. ಸಾಯುವವರೆಗೂ ತನಗಿರುವುದು ಯಕೃತ್ತಿನ ಕ್ಯಾನ್ಸರ್ ಎನ್ನುತ್ತಿದ್ದ. ಅವನ ಹೆಸರಿನ ಕೆಳಗೆ ಮೂರೇ ಪದ: ಪುಂಡ, ಹೇಡಿ, ಬಲಿ. ಟೋನಿ ಕುಶ್ನರ್ ಅವರ ‘ಏಂಜಲ್ಸ್ ಇನ್ ಅಮೆರಿಕಾ’ ನಾಟಕ ಓದಿದವರಿಗೆ ಈ ಕೋನ್ ಪಾತ್ರವಾಗಿ ಗೊತ್ತು. ನಾಟಕ ಎರಡು ಭಾಗಗಳಲ್ಲಿ, ಗಂಟೆಗಟ್ಟಲೆ ಬಿಡಿಸುವುದನ್ನು ಈ ಬಟ್ಟೆ ಮೂರು ಪದಗಳಲ್ಲಿ ಇಟ್ಟಿದೆ. ಮೂರನೆಯ ಪದ ಬರುವವರೆಗೆ ಅದು ಬೈಗುಳ. ಆ ಪದ ಬಂದ ಮೇಲೆ ಏನೆಂದು ಕರೆಯುವುದೋ ತಿಳಿಯದು. ಶ್ರದ್ಧಾಂಜಲಿಯಲ್ಲೂ ತೀರ್ಪು ಸಾಧ್ಯ ಎಂದು ನನಗೆ ಕಲಿಸಿದ್ದು ಇದು. ಅಂದಮೇಲೆ ಶ್ರದ್ಧಾಂಜಲಿಯ ಬಗ್ಗೆ ತೀರ್ಪು ಕೊಡಬಾರದೇಕೆ?

(ಮಿಶೆಲ್ ಫುಕೋನ ಹೆಸರಿನಲ್ಲೂ ಒಂದು ತುಂಡಿದೆ. ನಮ್ಮ ವಿಭಾಗದ ಪ್ರತಿ ಸೆಮಿನಾರಿನಲ್ಲೂ ಅವನ ಹೆಸರು ಬರುತ್ತದೆ, ಅವನು 1984ರಲ್ಲಿ ಹೇಗೆ ಸತ್ತ ಎಂಬುದು ಮಾತ್ರ ಬರುವುದಿಲ್ಲ.)

ಈ ಕೌದಿಯನ್ನು ಅದರ ಕಾಲದಲ್ಲೇ ಟೀಕಿಸಿದವರಿದ್ದರು. ಟೀಕೆ ಬಂದದ್ದು ಶತ್ರುಗಳಿಂದ ಮಾತ್ರವಲ್ಲ, ಅದೇ ರೋಗ ಹೊತ್ತ, ಅದೇ ಬೀದಿಯಲ್ಲಿ ನಡೆದ ಜೊತೆಗಾರರಿಂದ ಕೂಡ. ಅಧ್ಯಕ್ಷ ರೇಗನ್ ಈ ರೋಗದ ಬಗ್ಗೆ ತಮ್ಮ ಮೊದಲ ದೊಡ್ಡ ಭಾಷಣ ಮಾಡಿದ್ದು 1987ರ ಮೇ 31ರಂದು. ಅಷ್ಟರಲ್ಲಿ ಸಾವಿರಾರು ಜನ ಸತ್ತಿದ್ದರು. ಅಂಥ ಸರಕಾರದ ಅಂಗಳದಲ್ಲಿ ಬಣ್ಣಬಣ್ಣದ ಬಟ್ಟೆ ಹಾಸಿ ಅಳುತ್ತ ಕೂತರೆ ಏನಾದೀತು ಎಂದು ‘ಆಕ್ಟ್ ಅಪ್’ ಸಂಘಟನೆಯ ಹಲವರು ಕೇಳಿದರು. 1992ರ ಅಕ್ಟೋಬರಿನಲ್ಲಿ, ಕೌದಿ ವಾಷಿಂಗ್ಟನ್ನಿನಲ್ಲಿ ಹಾಸಿಕೊಂಡಿದ್ದ ಅದೇ ದಿನಗಳಲ್ಲಿ, ಅವರು ತಮ್ಮ ಸತ್ತವರ ಬೂದಿಯನ್ನು ಕೈಯಲ್ಲಿ ಹಿಡಿದು ಮೆರವಣಿಗೆ ಹೋಗಿ ಶ್ವೇತಭವನದ ಬೇಲಿಯಾಚೆಗೆ ಹುಲ್ಲಿನ ಮೇಲೆ ಎರಚಿದರು. ಕೌದಿ ಸಾವನ್ನು ಚಂದ ಮಾಡಿ ತೋರಿಸುತ್ತಿದೆ, ಇಲ್ಲಿ ಉಳಿದಿರುವುದು ಬೂದಿ ಮತ್ತು ಮೂಳೆಚೂರು ಮಾತ್ರ ಎಂಬುದು ಅವರ ಮಾತಿನ ತಿರುಳು. ಕಲಾವಿಮರ್ಶಕ ಡಗ್ಲಸ್ ಕ್ರಿಂಪ್ 1989ರ ‘ಮೌರ್ನಿಂಗ್ ಅಂಡ್ ಮಿಲಿಟೆನ್ಸಿ’ ಎಂಬ ಪ್ರಬಂಧದಲ್ಲಿ ಈ ಜಗಳದ ಎರಡೂ ಬದಿಗಳನ್ನು ಒಟ್ಟಿಗೆ ಹಿಡಿಯಲು ನೋಡಿದ. ಕೆರಳಿ ಹೋರಾಡಬೇಕು ನಿಜ, ಆದರೆ ಅಳುವುದನ್ನು ಹೇಡಿತನವೆಂದು ಹೀಗಳೆದರೆ ಹೋರಾಡುವವರೇ ಒಳಗಿನಿಂದ ಒಡೆದುಹೋಗುತ್ತಾರೆ ಎಂಬ ದಿಕ್ಕಿನ ವಾದ ಅವನದು. ಸಂಶೋಧಕರಿಗೆ ಹಿತವಾಗುವ ವಾದ. ನನಗೆ ಮಾತ್ರ ಬೂದಿ ಎರಚಿದವರ ಮಾತು ಇನ್ನೂ ಚುಚ್ಚುತ್ತದೆ. ಚಂದವಾಗಿರುವುದನ್ನು ನೋಡಿ ಬಂದವರು ಹಣ ಕೊಟ್ಟು, ಕಣ್ಣೊರೆಸಿಕೊಂಡು, ಹಗುರಾಗಿ ಮನೆಗೆ ಹೋಗಬಹುದು. ಪ್ರತಿ ಸಹಾಯಾರ್ಥ ಪ್ರದರ್ಶನದಲ್ಲೂ ಈ ಅಪಾಯವಿದೆ.

ಹಾಗಿದ್ದೂ ಏಡ್ಸ್ ಕೌದಿ ಆ ಅಪಾಯದಿಂದ ಬಹಳ ಮಟ್ಟಿಗೆ ಪಾರಾಯಿತು ಎಂದು ನನಗೆ ಅನ್ನಿಸುವುದಕ್ಕೆ ಕಾರಣ ಅದರ ಹಣದ ದಾರಿ. ಹಣ ಕೂಡಿಸಿತು, ಆದರೆ ಒಂದು ತುಂಡನ್ನೂ ಮಾರಲಿಲ್ಲ. ಕೊಟ್ಟವರು ಏನನ್ನೂ ಕೊಂಡುಹೋಗಲಿಲ್ಲ. ಹೀಗಾಗಿ ‘ನಮ್ಮ ಡ್ರಾಯಿಂಗ್ ರೂಮಿಗೆ ಒಪ್ಪುತ್ತದೆಯೇ’ ಎಂಬ ಕಣ್ಣು ಅದರ ಮೇಲೆ ಬೀಳಲೇ ಇಲ್ಲ. ಬಣ್ಣ ಕಿರುಚಬಹುದಿತ್ತು, ಅಂಚು ಸೊಟ್ಟಗಿರಬಹುದಿತ್ತು, ಕೋನ್‌ನನ್ನು ಹೇಡಿ ಎನ್ನಬಹುದಿತ್ತು. ಕೊಳ್ಳುವವರಿಲ್ಲದ ಕಡೆ ಸಿಗುವ ಸ್ವಾತಂತ್ರ್ಯ ಅದು.

ಮಾರಾಟವಾದ ಬಟ್ಟೆಯ ಕಥೆ ಬೇರೆ. ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರ ಸೈನಿಕ ದಂಗೆಯ ನಂತರ ಗಂಡ, ಮಗ, ಅಣ್ಣ ಕಾಣೆಯಾದ ಹೆಂಗಸರು ಚರ್ಚಿನ ಆಸರೆಯಲ್ಲಿ ಕೂತು ಗೋಣಿತಟ್ಟಿನ ಮೇಲೆ ಚಿಂದಿ ಬಟ್ಟೆಯಿಂದ ಚಿತ್ರ ಹೊಲಿದರು. ಅವಕ್ಕೆ ‘ಆರ್ಪಿಯೇರಾ’ ಎಂದು ಹೆಸರು. ಮೇಲೆ ಆಂಡೀಸ್ ಪರ್ವತ, ಒಬ್ಬ ಸೂರ್ಯ. ಕೆಳಗೆ ಗಂಜಿಯ ಹಂಡೆ, ನೀರಿನ ಸಾಲು, ‘ಎಲ್ಲಿದ್ದಾರೆ?’ ಎಂಬ ಫಲಕ ಹಿಡಿದ ಪುಟ್ಟ ಗೊಂಬೆಗಳು. 1976ರಲ್ಲಿ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ ಸ್ಥಾಪಿಸಿದ ‘ವಿಕಾರಿಯಾ’ ಎಂಬ ಸಂಸ್ಥೆ ಅವನ್ನು ಕೊಂಡು ಗುಟ್ಟಾಗಿ ಹೊರದೇಶಗಳಿಗೆ ಕಳಿಸುತ್ತಿತ್ತು. ಆ ಹಣದಲ್ಲಿ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. ಮಾರಾಟಕ್ಕಾಗಿ ಹೊಲಿದದ್ದರಿಂದ ಒಂದೇ ವಿನ್ಯಾಸ ಮತ್ತೆ ಮತ್ತೆ ಬಂದದ್ದೂ ಉಂಟು. ಬಹುಪಾಲು ಚಿತ್ರಗಳಲ್ಲಿ ಸಹಿ ಇಲ್ಲ. ಹೆಸರು ಹೊಲಿದರೆ ಬಾಗಿಲಿಗೆ ಪೊಲೀಸರು ಬರುತ್ತಿದ್ದರು. ಇಲ್ಲಿ ಅನಾಮಿಕತೆ ಗುರಾಣಿ, ಹೊಲಿದವಳೇ ಬೇಕೆಂದು ಹಿಡಿದದ್ದು.

ಗೀಸ್ ಬೆಂಡ್ ಇನ್ನೂ ತೊಡಕಿನ ಪ್ರಕರಣ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯೊಂದು ಮೂರು ಕಡೆಯಿಂದ ಸುತ್ತಿದ ಹಳ್ಳಿ ಅದು. ಅಲ್ಲಿಯ ಕಪ್ಪು ಜನರ ಪೂರ್ವಿಕರು ಅದೇ ಹತ್ತಿ ತೋಟದ ಗುಲಾಮರು. ತೋಟದ ಒಡೆಯನ ‘ಪೆಟ್‌ವೇ’ ಎಂಬ ಹೆಸರೇ ಇಂದಿಗೂ ಹಳ್ಳಿಯ ಅರ್ಧ ಜನರ ಅಡ್ಡಹೆಸರು. ಅವರು ಮತದಾರರ ಪಟ್ಟಿಗೆ ಹೆಸರು ಹಚ್ಚಲು ನದಿ ದಾಟಿ ಬರತೊಡಗಿದಾಗ 1962ರಲ್ಲಿ ದೋಣಿಯನ್ನೇ ನಿಲ್ಲಿಸಿದರು. ಮತ್ತೆ ದೋಣಿ ಬಂದದ್ದು 2006ಕ್ಕೆ. ಈ ಹಿನ್ನೆಲೆಯಲ್ಲಿ 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಹೆಂಗಸರ ಸಹಕಾರಿ ಸಂಘ ಹುಟ್ಟಿತು. ಅವರ ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು, ದೊಡ್ಡ ಅಂಗಡಿಗಳಿಗೆ ಹೋದವು. ಮುಂದೆ ‘ಸಿಯರ್ಸ್’ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವರು ಹೊಲಿಯುವ ಗುತ್ತಿಗೆ ಸಿಕ್ಕಿತು. ಕೂಲಿ ಬಂತು, ಗೌರವವೂ ಬಂತು. ಆದರೆ ಗುತ್ತಿಗೆಯ ಹೊಲಿಗೆಗೆ ನೂರು ಕವರೂ ಒಂದೇ ಥರ ಇರಬೇಕು. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಮುಂದಿನ ಸಣ್ಣ ವಿವರದಲ್ಲಿದೆ. ಆ ಗುತ್ತಿಗೆಯಿಂದ ಉಳಿದ ಕಾರ್ಡುರಾಯ್ ಚೂರುಗಳನ್ನು ಹೆಂಗಸರು ಮನೆಗೆ ತಂದರು, ಅವನ್ನು ತಮಗೆ ಬೇಕಾದ ಹಾಗೆ ಜೋಡಿಸಿ ತಮ್ಮ ಹಾಸಿಗೆಗೆ ಕೌದಿ ಮಾಡಿಕೊಂಡರು. 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಗೀಸ್ ಬೆಂಡ್ ಕೌದಿಗಳ ದೊಡ್ಡ ಪ್ರದರ್ಶನ ನಡೆದು ವಿಮರ್ಶಕರು ಬೆರಗಾದಾಗ, ಅವರು ನೋಡಿದವುಗಳಲ್ಲಿ ಇಂಥವೂ ಇದ್ದವು. ಕೊಳ್ಳುವವರಿಗೆಂದು ಹೊಲಿದದ್ದು ದಿಂಬಿನ ಕವರಾಗಿ ಸವೆದುಹೋಯಿತು. ಮನೆಯವರಿಗೆಂದು ಹೊಲಿದದ್ದು ಗೋಡೆಗೇರಿತು.

ವಿಟ್ನಿಯ ಗೋಡೆಯಲ್ಲಿ ಪ್ರತಿ ಕೌದಿಯ ಪಕ್ಕ ಹೊಲಿದವಳ ಹೆಸರಿತ್ತು. ಹೆಸರು ಬಂದ ಕೂಡಲೇ ವಿಮರ್ಶೆ ಶುರುವಾಯಿತು: ಇವಳ ಕೈ ಹೀಗೆ, ಅವಳ ಬಣ್ಣದ ಪ್ರಜ್ಞೆ ಹಾಗೆ, ಇವರಲ್ಲಿ ಯಾರು ಸಾಹಸಿ, ಯಾರು ಮಿತಭಾಷಿ. ಹೆಸರು ಬಂದ ಮೇಲೆ ಜಗಳವೂ ಬಂತು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಈ ಕೌದಿಗಳು ಬಂದವು. 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ಹಕ್ಕುಸ್ವಾಮ್ಯ ಮತ್ತು ಹಣದ ಪಾಲಿನ ವಿಷಯಕ್ಕೆ ನ್ಯಾಯಾಲಯಕ್ಕೆ ಹೋದರು, ಆಮೇಲೆ ಅದು ಇತ್ಯರ್ಥವಾಯಿತು. ಇದನ್ನು ಕೆಲವರು ಬೇಸರದ ಕೊನೆಯೆಂದು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಕ್ಕು ಕೇಳುವವರು ಕಲಾವಿದರು. ದಾನ ಪಡೆಯುವವರಿಂದ ಯಾರೂ ಮೊಕದ್ದಮೆ ನಿರೀಕ್ಷಿಸುವುದಿಲ್ಲ.

ನಮ್ಮಲ್ಲಿಗೆ ಬರೋಣ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಕನ್ನಡದಲ್ಲಿ ಯಾರಾದರೂ ಕಲಾಕೃತಿ ಎಂದು ಓದುವ ಮೊದಲೇ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಲ್ ಓದಿದರು. ಆ ಹೆಂಗಸರ ಸಹಕಾರಿ ಸಂಘವೊಂದು ಹುಟ್ಟಿ, ಮಾರಾಟದ ಹಣ ಅವರಿಗೇ ಸೇರುವ ದಾರಿ ಮಾಡಲು ಅವರು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವಾಯಿತು. ಸಿದ್ದಿ ಕೌದಿ ಅಂಚಿನಿಂದ ಶುರುವಾಗುತ್ತದೆ. ಹಳೆಯ ಸೀರೆಯೊಂದನ್ನು ತಳವಾಗಿ ಹಾಸಿ, ಮೂಲೆಯಲ್ಲಿ ಮೊದಲ ಚೂರು ಹಚ್ಚಿ, ಸಾದಾ ಸಾಲುಹೊಲಿಗೆಯಲ್ಲಿ ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾರೆ. ನಡು ಕೊನೆಗೆ ಸಿಗುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಪದರಪದರವಾಗಿ ಮಡಿಸಿ ಮಾಡಿದ ‘ಫೂಲ’ ಇರಲೇಬೇಕು. ಅದಿಲ್ಲದ ಕೌದಿ ಬತ್ತಲೆ ಎಂಬ ಭಾವನೆ ಅವರಲ್ಲಿದೆ. ಇದು ಒಂದು ಛಂದಸ್ಸು. ಎಲ್ಲಿ ಆರಂಭಿಸಬೇಕು, ಎಲ್ಲಿ ಮುಗಿಸಬೇಕು, ಯಾವುದನ್ನು ಬಿಟ್ಟರೆ ಪದ್ಯ ಕೆಡುತ್ತದೆ ಎಂಬ ನಿಯಮವಿದೆ. ಆ ನಿಯಮದೊಳಗೆ ಯಾವ ಚೂರಿನ ಪಕ್ಕ ಯಾವ ಚೂರು ಎಂಬ ಸ್ವಾತಂತ್ರ್ಯವಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಛಂದಸ್ಸು ಕಲಿಸುವ ನಮಗೆ ಇದು ಕಣ್ಣಿಗೆ ಬೀಳಬೇಕಿತ್ತು.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಲಂಬಾಣಿ ಕಸೂತಿಯ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸ, ಒಟ್ಟು 1,755 ವಸ್ತುಗಳು. ಪತ್ರಿಕೆಗಳಲ್ಲಿ ಈ ಎರಡು ಸಂಖ್ಯೆಗಳನ್ನು ಎಲ್ಲರೂ ಓದಿದೆವು. ಆ 1,755ರಲ್ಲಿ ಒಂದನ್ನಾದರೂ, ಇದರ ಕನ್ನಡಿ ಹೀಗೆ ಕೂತಿದೆ, ಇದರ ಹೊಲಿಗೆ ಇಲ್ಲಿ ತಿರುಗಿದೆ ಎಂದು ವರ್ಣಿಸಿದ ಬರಹ ನನ್ನ ಕಣ್ಣಿಗೆ ಬೀಳಲಿಲ್ಲ. ಏಡ್ಸ್ ಕೌದಿಯ 1,920ಕ್ಕೂ ಇದಕ್ಕೂ ಸಂಖ್ಯೆಯಲ್ಲಿ ಅಂಥ ಅಂತರವಿಲ್ಲ. ಅಲ್ಲಿ ಸಂಖ್ಯೆಯನ್ನು ಒಡೆದು ಹೆಸರು ಮಾಡಿದರು, ಇಲ್ಲಿ ಹೆಸರುಗಳನ್ನು ಕೂಡಿಸಿ ಸಂಖ್ಯೆ ಮಾಡಿದೆವು.

ಏಡ್ಸ್‌ನ ಸಾವುಗಳು ನಮ್ಮಲ್ಲೂ ಕಡಿಮೆಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಹೋಗಲಾರೆ. ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕ ಒಂದಾಗಿತ್ತು. ಸರಕಾರ ಉಚಿತ ಔಷಧಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲಿನಲ್ಲಿ. ಅದಕ್ಕೆ ಮುಂಚೆ ಸತ್ತ ಲಾರಿ ಡ್ರೈವರುಗಳು, ಅವರ ಹೆಂಡತಿಯರು, ದೇವದಾಸಿಯರು ನಮ್ಮ ಭಾಷೆಯಲ್ಲಿ ‘ಅಲ್ಪಕಾಲದ ಅಸೌಖ್ಯದಿಂದ’ ತೀರಿಕೊಂಡರು. ನಾನು ಬೆಳೆದ ಓಣಿಯಲ್ಲಿ ಅಂಥ ಎರಡು ಮನೆಗಳಿದ್ದವು. ಆ ಮನೆಗಳಲ್ಲಿ ಸತ್ತವರ ಸೀರೆ, ಲುಂಗಿ, ಹಾಸಿಗೆಗಳನ್ನು ಊರಾಚೆ ಒಯ್ದು ಸುಟ್ಟರು. ನಮ್ಮಲ್ಲಿ ಅಜ್ಜಿ ಸತ್ತರೆ ಅವಳ ಸೀರೆ ಕೌದಿಯೊಳಗೆ ಸೇರುತ್ತದೆ, ಮೊಮ್ಮಕ್ಕಳು ಅದನ್ನು ಹೊದೆಯುತ್ತಾರೆ. ಇವರ ಬಟ್ಟೆ ಯಾವ ಕೌದಿಗೂ ಸೇರಲಿಲ್ಲ. ಬಟ್ಟೆಯೇ ಸ್ಮಾರಕವಾದ ಅಮೆರಿಕದ ಆ ಕೌದಿಯನ್ನು ಪರದೆಯ ಮೇಲೆ ನೋಡುವಾಗ ನನಗೆ ಬರುತ್ತಿದ್ದದ್ದು ಆ ಹೊಗೆಯ ನೆನಪು. ಅದರ ಚಿಟ್ಟೆ, ಕಾಮನಬಿಲ್ಲುಗಳ ಮೇಲಿನ ನನ್ನ ಬೇಸರವನ್ನು ಓದುವವರು ಇದನ್ನೂ ಸೇರಿಸಿ ಓದಬೇಕು.

ಕಳೆದ ವರ್ಷ ಒಂದು ನಗರದ ಸಭಾಂಗಣದಲ್ಲಿ ಮಕ್ಕಳ ಚಿಕಿತ್ಸೆಯ ಸಹಾಯಾರ್ಥ ನಡೆದ ಕೌದಿ ಪ್ರದರ್ಶನಕ್ಕೆ ಹೋಗಿದ್ದೆ. ಬಾಗಿಲಲ್ಲಿ ದಾನಿಗಳ ಹೆಸರಿನ ಫ್ಲೆಕ್ಸು, ಕೆಲವರ ಫೋಟೊ ಸಹಿತ. ಒಳಗೆ ಹಗ್ಗಕ್ಕೆ ತೂಗುಹಾಕಿದ ನಲವತ್ತರಷ್ಟು ಕೌದಿಗಳು. ಪ್ರತಿಯೊಂದಕ್ಕೂ ಒಂದು ಚೀಟಿ: ಕ್ರಮಸಂಖ್ಯೆ, ಅಳತೆ, ಬೆಲೆ. ಹೊಲಿದವರ ಜಾಗದಲ್ಲಿ ‘ಗ್ರಾಮೀಣ ಮಹಿಳೆಯರು’. ಹೆಸರು ಕೇಳಿದ್ದಕ್ಕೆ ಮೇಜಿನ ಹಿಂದಿದ್ದ ಹುಡುಗ ನಗುತ್ತ, “ಹೆಸರೆಲ್ಲ ಯಾರೂ ಕೇಳಲ್ಲ ಮೇಡಂ, ದುಡ್ಡು ಮಕ್ಕಳಿಗೇ ಹೋಗುತ್ತೆ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಲಿಯಲ್ಲಿ ಹೆಸರು ಜೀವಕ್ಕೆ ಕುತ್ತಾಗಿತ್ತು. ಇಲ್ಲಿ ಯಾವ ಕುತ್ತೂ ಇರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ ಅಷ್ಟೆ.

ಆ ನಲವತ್ತರಲ್ಲಿ ಮೂವತ್ತರಷ್ಟು ಚೆನ್ನಾಗಿರಲಿಲ್ಲ. ಯಾರೋ ತರಬೇತಿ ಕೊಟ್ಟವರು ಪೇಟೆಯ ರುಚಿಗೆ ತಕ್ಕಂತೆ ಬಣ್ಣ ಆರಿಸಿಕೊಟ್ಟಿದ್ದು ಕಾಣುತ್ತಿತ್ತು: ಮಣ್ಣಿನ ಬಣ್ಣ, ನೀಲಿ, ಮಾಸಲು ಬಿಳಿ, ಎಲ್ಲ ಹೊಸ ಬಟ್ಟೆಯ ಚೂರುಗಳೇ. ಸೋಫಾದ ಮೇಲೆ ಹಾಕಲು ಹೊಂದುವಂಥವು. ತೊಳೆದು ತೊಳೆದು ಮೆತ್ತಗಾದ ಒಂದು ಎಳೆಯೂ ಇಲ್ಲದ ಕೌದಿಗಳು. ಹತ್ತಿರ ಹೋದರೆ ಅಂಗಡಿಯ ಗಂಜಿಯ ವಾಸನೆ. ಇಪ್ಪತ್ತೇಳನೆಯ ಸಂಖ್ಯೆಯದು ಮಾತ್ರ ಬೇರೆಯಾಗಿತ್ತು. ಅದರಲ್ಲಿ ಸರಕಾರಿ ಶಾಲೆಯ ನೀಲಿ ಸಮವಸ್ತ್ರದ ಚೂರುಗಳು, ಒಂದು ಖಾಕಿ ಜೇಬು, ಜೇಬನ್ನು ಬಿಚ್ಚದೆ ಹಾಗೇ ಇಟ್ಟು ಸುತ್ತ ಹೊಲಿದದ್ದು. ಇಳಕಲ್ ಸೀರೆಯ ಕೆಂಪು ಸೆರಗನ್ನು ಎಲ್ಲರೂ ಅಂಚಿಗೆ ಹಾಕುತ್ತಾರೆ. ಇವಳು ಅದನ್ನು ಓರೆಯಾಗಿ ಕತ್ತರಿಸಿ ಎಡದ ಕೆಳಮೂಲೆಯಿಂದ ಮೇಲಕ್ಕೆ ಹರಿಸಿದ್ದಳು, ಅರ್ಧಕ್ಕೆ ಬಟ್ಟೆ ಮುಗಿದಿತ್ತು, ಮುಗಿದ ಕಡೆ ಬೇರೆ ಕೆಂಪನ್ನು ಹುಡುಕದೆ ಕಪ್ಪು ಹಚ್ಚಿದ್ದಳು. ಆ ಕಪ್ಪಿಗೆ ಬಂದಾಗ ಹೊಲಿಗೆಯ ಸಾಲುಗಳೂ ಹತ್ತಿರ ಹತ್ತಿರ ಬಂದಿದ್ದವು, ನಡೆಯುತ್ತಿದ್ದವರು ಕತ್ತಲಲ್ಲಿ ಹೆಜ್ಜೆ ಚಿಕ್ಕದು ಮಾಡಿದಂತೆ. ಅದರ ಬೆಲೆ ಉಳಿದವುಗಳಷ್ಟೇ ಇತ್ತು. ಬೆಲೆ ಕಟ್ಟಿದ್ದು ಅಳತೆಯ ಮೇಲೆ.

ಹೊಲಿದ ಆ ಒಬ್ಬಳನ್ನು ಹುಡುಕಲು ನಾನು ಎರಡು ಮೇಲ್ ಬರೆದೆ, ಸಂಘಟಕರಿಗೆ ಫೋನು ಮಾಡಿದೆ. ಕೌದಿಗಳು ಮೂರು ತಾಲ್ಲೂಕುಗಳ ಸಂಘಗಳಿಂದ ಗಂಟಾಗಿ ಬಂದಿದ್ದವು, ಯಾವುದು ಯಾರದೆಂದು ಬರೆದಿಟ್ಟುಕೊಂಡಿಲ್ಲ ಎಂದರು. ಈ ವರ್ಷವೂ ಅವರ ಪ್ರದರ್ಶನ ಇದೆಯಂತೆ. ಚೀಟಿಯಲ್ಲಿ ಹೆಸರಿಗೊಂದು ಸಾಲು ಬಿಡಲು ಕೇಳಿದ್ದೇನೆ. ಬಿಟ್ಟರೆ, ಮೂವತ್ತು ಕೌದಿಗಳು ಯಾಕೆ ಸೋತಿವೆ ಎಂದು ಅವರವರ ಹೆಸರು ಹಿಡಿದೇ ಬರೆಯುವುದಾಗಿಯೂ ತಿಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.